ಮುಖ ಕಳೆದುಕೊಂಡವರಿಗೆ ಮುಖ ಕೊಟ್ಟ ವೈದ್ಯ: ಹೆರಾಲ್ಡ್ ಗಿಲ್ಲಿಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಸಂತೋಷವೂ ಆಯಿತು, ಅಳುಕೂ ಆಯಿತು. ನಾನು 1979ರಲ್ಲಿ ಇದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಮುಂದೆ ವೈದ್ಯಕೀಯ ಓದಿ, ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಸರ್ಕಾರಿ ಸೇವೆಯಲ್ಲಿ ಮೂವತ್ತು ವರ್ಷ ಕಳೆದು ಈಗ ನಿವೃತ್ತನಾಗಿದ್ದೇನೆ. ನಮಗೆ ಅಕ್ಷರ ಕಲಿಸಿದ ಗುರುಗಳ ಬಗ್ಗೆ, ಶಾಲೆ ಕಟ್ಟಲು ಜಾಗ ಕೊಟ್ಟ ಹಿರಿಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ನಾನು ಬರೆಯಹೊರಟಿರುವುದು ದೂರದ ನ್ಯೂಜಿಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ತೀರಿಕೊಂಡ ಒಬ್ಬ ವೈದ್ಯರ ಬಗ್ಗೆ. ಅವರಿಗೂ ನಮ್ಮ ಶಾಲೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಬ್ಯಾಚಿನ ಒಂದು ಫೋಟೋ ಇದೆ. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ತೆಗೆದದ್ದು. ಗುರುಗಳು ಕುರ್ಚಿಯಲ್ಲಿ, ಹುಡುಗಿಯರು ಅವರ ಪಕ್ಕದಲ್ಲಿ, ನಾವು ಹುಡುಗರು ಹಿಂದೆ ಬೆಂಚಿನ ಮೇಲೆ ನಿಂತಿದ್ದೇವೆ. ಅದರಲ್ಲಿ ಇರಬೇಕಾಗಿದ್ದ ಒಬ್ಬ ಇಲ್ಲ. ಒಂಬತ್ತನೇ ತರಗತಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದವನು, ಲೆಕ್ಕದಲ್ಲಿ ತರಗತಿಗೇ ಮೊದಲಿಗ, ಕಬಡ್ಡಿಯಲ್ಲಿ ಯಾರ ಕೈಗೂ ಸಿಗದವನು. 1977ರ ಸೀತಾಫಲದ ಕಾಲದಲ್ಲಿ ಗುಡ್ಡಕ್ಕೆ ಹಣ್ಣು ಕೀಳಲು ಹೋದಾಗ ಅವನ ಮೇಲೆ ಕರಡಿ ಬಿತ್ತು. ನಮ್ಮ ಸೀಮೆಯ ಗುಡ್ಡಗಳಲ್ಲಿ ಕರಡಿ ಹೊಸದಲ್ಲ. ಅದು ಎದ್ದು ನಿಂತು ಮುಖಕ್ಕೇ ಪಂಜ ಹಾಕುತ್ತದೆ ಎಂಬುದೂ ಊರಿನವರಿಗೆಲ್ಲ ಗೊತ್ತು. ಅವನ ಜೀವ ಉಳಿಯಿತು. ಮೂಗಿನ ತುದಿ, ಒಂದು ಹೊಳ್ಳೆ ಹೋದವು.

ನಾಲ್ಕು ತಿಂಗಳ ಮೇಲೆ ಅವನು ಶಾಲೆಗೆ ಬಂದ, ಮುಖಕ್ಕೆ ಟವೆಲ್ ಸುತ್ತಿಕೊಂಡು. ಆಗ ನಾನು ಅವನಿಗೆ ಒಂದು ಹೆಸರಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹುಡುಗರೆಲ್ಲ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತರಗತಿಯವರಿಗೂ ಆ ಹೆಸರು ಗೊತ್ತಾಗಿತ್ತು. ಒಂದು ವಾರ ಬಂದ. ಆಮೇಲೆ ಬರಲಿಲ್ಲ. ಮಾಸ್ತರರು ಮನೆಗೆ ಹೋಗಿ ಕರೆದರೂ ಬರಲಿಲ್ಲ.

ನಾನು ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಗ ಒಂದು ರಾತ್ರಿ ಗ್ರಂಥಾಲಯದಲ್ಲಿ ಹಳೆಯ ಪುಸ್ತಕವೊಂದರ ಪುಟ ತಿರುವುತ್ತಿದ್ದೆ. ಮೂಗಿಲ್ಲದ ಒಬ್ಬ ಯುವಕ ಸೈನಿಕನ ಫೋಟೋ, ಅದರ ಪಕ್ಕದಲ್ಲೇ ಮೂಗಿರುವ ಅದೇ ಸೈನಿಕನ ಫೋಟೋ ಕಂಡವು. ಆ ಮೂಗನ್ನು ಮಾಡಿದವರು ಹೆರಾಲ್ಡ್ ಗಿಲ್ಲಿಸ್. ಅಂದಿನಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಗಿಲ್ಲಿಸ್ ಹುಟ್ಟಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡಿನ ಡನೀಡನ್ ಪಟ್ಟಣದಲ್ಲಿ. ತಂದೆಗೆ ಆಕಾಶದ ನಕ್ಷತ್ರಗಳನ್ನು ನೋಡುವ ಹವ್ಯಾಸ. ಮನೆಯ ಮೇಲೆಯೇ ದೂರದರ್ಶಕ ಇಟ್ಟುಕೊಂಡಿದ್ದರು. ಮಗನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವರು ತೀರಿಕೊಂಡರು. ಬಾಲ್ಯದಲ್ಲಿ ಹೆರಾಲ್ಡರ ಮೊಣಕೈ ಮುರಿದು, ಅದು ಕೊನೆಯವರೆಗೂ ಪೂರ್ತಿ ಮಡಚಲು ಬಾರದಂತಾಯಿತು. ಮುಂದೆ ಜಗತ್ತೇ ಮೆಚ್ಚುವ ಶಸ್ತ್ರವೈದ್ಯರಾದದ್ದು ಇದೇ ಪೆಟ್ಟು ತಿಂದ ಕೈಯಿಂದ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಅವರು ವಾಂಗನುಯಿ ಕಾಲೇಜಿಯೇಟ್ ಶಾಲೆಯಲ್ಲಿ ಓದಿದರು, ಕ್ರಿಕೆಟ್ ಆಡಿದರು. ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. 1904ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ಪ್ರಸಿದ್ಧ ದೋಣಿ ಸ್ಪರ್ಧೆಯಲ್ಲಿ ಕೇಂಬ್ರಿಜ್ ಪರವಾಗಿ ಹುಟ್ಟು ಹಾಕಿದರು. ಗಾಲ್ಫ್ ಆಟದಲ್ಲಂತೂ ಇಂಗ್ಲೆಂಡ್ ತಂಡದಲ್ಲಿ ಆಡುವಷ್ಟು ನಿಪುಣರು. ಚಿತ್ರ ಬರೆಯುತ್ತಿದ್ದರು. ಜೊತೆಗೆ ಮಹಾ ತುಂಟರು. ಗಡ್ಡ ಅಂಟಿಸಿಕೊಂಡು, ಡಾಕ್ಟರ್ ಸ್ಕ್ರಾಗಿ ಎಂಬ ಸುಳ್ಳು ಹೆಸರು ಹೇಳಿಕೊಂಡು ಸ್ನೇಹಿತರನ್ನೇ ಬೇಸ್ತು ಬೀಳಿಸುವುದು ಅವರಿಗೆ ಬಲು ಇಷ್ಟ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಮುಗಿಸಿ, 1910ರಲ್ಲಿ ಎಫ್‌ಆರ್‌ಸಿಎಸ್ ಪದವಿ ಪಡೆದು, ಕಿವಿ, ಮೂಗು, ಗಂಟಲಿನ ವೈದ್ಯರಾದರು. 1911ರಲ್ಲಿ ಕ್ಯಾಥ್ಲೀನ್ ಎಂಬುವರನ್ನು ಮದುವೆಯಾದರು. ಕೈತುಂಬ ಸಂಪಾದನೆ, ವಾರದ ಕೊನೆಗೆ ಗಾಲ್ಫ್. ಹೀಗೆಯೇ ಜೀವನ ಸಾಗಿಬಿಡಬಹುದಿತ್ತು.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಸೈನಿಕರು ನೆಲದಲ್ಲಿ ತೋಡಿದ ಕಂದಕಗಳಲ್ಲಿ ಇದ್ದು ಹೋರಾಡುತ್ತಿದ್ದರು. ದೇಹವೆಲ್ಲ ಮಣ್ಣಿನ ಮರೆಯಲ್ಲಿ, ತಲೆ ಮಾತ್ರ ಮೇಲೆ. ಹಣುಕಿ ನೋಡಿದವನ ಮುಖಕ್ಕೇ ಗುಂಡು, ಸಿಡಿತಲೆಯ ಚೂರು ಬಡಿಯುತ್ತಿತ್ತು. ಅಲ್ಲಿಯವರೆಗಿನ ಯಾವ ಯುದ್ಧವೂ ಇಷ್ಟೊಂದು ಮುಖಗಳನ್ನು ಹಾಳು ಮಾಡಿರಲಿಲ್ಲ. 1915ರಲ್ಲಿ ರೆಡ್ ಕ್ರಾಸ್ ಸೇರಿ ಫ್ರಾನ್ಸಿಗೆ ಹೋದ ಗಿಲ್ಲಿಸ್ ಅವರಿಗೆ ಅಲ್ಲಿ ವಾಲಾಡಿಯೆ ಎಂಬ ದಂತವೈದ್ಯರ ಪರಿಚಯವಾಯಿತು. ಒಡೆದ ದವಡೆಗಳನ್ನು ಕೂಡಿಸುವುದರಲ್ಲಿ ಅವರದು ಎತ್ತಿದ ಕೈ. ತಮ್ಮ ರೋಲ್ಸ್ ರಾಯ್ಸ್ ಕಾರಿನೊಳಗೇ ದಂತವೈದ್ಯರ ಕುರ್ಚಿ ಜೋಡಿಸಿಕೊಂಡು ಓಡಾಡುತ್ತಿದ್ದ ವಿಚಿತ್ರ ವ್ಯಕ್ತಿ ಅವರು. ಆಮೇಲೆ ಪ್ಯಾರಿಸ್ಸಿನಲ್ಲಿ ಮೊರೆಸ್ತಾನ್ ಎಂಬ ಶಸ್ತ್ರವೈದ್ಯರು ಮುಖದ ಮೇಲಿನ ಒಂದು ಕ್ಯಾನ್ಸರ್ ಗಡ್ಡೆಯನ್ನು ತೆಗೆದು, ಆ ಗಾಯವನ್ನು ಪಕ್ಕದ ಚರ್ಮ ಎಳೆದು ಮುಚ್ಚುವುದನ್ನು ಗಿಲ್ಲಿಸ್ ಕಣ್ಣಾರೆ ಕಂಡರು. ತಾವು ಮಾಡಬೇಕಾದ ಕೆಲಸ ಇದೇ ಎಂದು ಅಂದೇ ನಿರ್ಧರಿಸಿದರು. ಮತ್ತೊಮ್ಮೆ ಕಲಿಯಲು ಹೋದಾಗ ಮೊರೆಸ್ತಾನ್ ಒಳಗೆ ಬಿಡಲಿಲ್ಲ. ಕಲಿಸುವವರು ಯಾರೂ ಇರಲಿಲ್ಲ. ಗಿಲ್ಲಿಸ್ ತಾವೇ ಕಲಿಯಬೇಕಾಯಿತು.

1916ರ ಆರಂಭದಲ್ಲಿ ಇಂಗ್ಲೆಂಡಿನ ಆಲ್ಡರ್‌ಶಾಟ್ ಸೈನಿಕ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗೇ ಮೀಸಲಾದ ವಾರ್ಡೊಂದನ್ನು ಪಡೆದರು. ಆದರೆ ಯುದ್ಧಭೂಮಿಯ ಗಡಿಬಿಡಿಯಲ್ಲಿ ಯಾವ ಗಾಯಾಳು ಯಾವ ಆಸ್ಪತ್ರೆಗೆ ಹೋಗುತ್ತಾನೆ ಎಂಬ ಖಾತ್ರಿ ಇಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ತಮ್ಮ ಕೈಯಿಂದ ಹತ್ತು ಪೌಂಡ್ ಖರ್ಚು ಮಾಡಿ ವಿಳಾಸದ ಚೀಟಿಗಳನ್ನು ಕೊಂಡರು. ಅವುಗಳ ಮೇಲೆ ತಮ್ಮ ಆಸ್ಪತ್ರೆಯ ವಿಳಾಸ ಬರೆದು, ಮುಖಕ್ಕೆ ಗಾಯವಾದವರ ಮೈಮೇಲೆ ಇವನ್ನು ಕಟ್ಟಿ ಕಳಿಸಿಕೊಡಿ ಎಂದು ಯುದ್ಧ ಇಲಾಖೆಗೆ ಕೊಟ್ಟರು. ಪಾರ್ಸಲ್ಲಿಗೆ ಚೀಟಿ ಅಂಟಿಸಿದಂತೆ ಚೀಟಿ ಕಟ್ಟಿಕೊಂಡ ಗಾಯಾಳುಗಳು ಬರತೊಡಗಿದರು. ಅದೇ ವರ್ಷ ಜುಲೈ 1ರಂದು ಸೊಮ್ ನದಿಯ ಬಳಿಯ ಘೋರ ಯುದ್ಧ ಶುರುವಾಯಿತು. 200 ಮಂದಿ ಬರಬಹುದೆಂದು ಹಾಸಿಗೆ ಹಾಸಿದ್ದರು. ಬಂದವರು ಸುಮಾರು 2,000 ಮಂದಿ.

ಜಾಗ ಸಾಲದೆ 1917ರಲ್ಲಿ ಲಂಡನ್ ಹತ್ತಿರದ ಸಿಡ್‌ಕಪ್ ಎಂಬಲ್ಲಿ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ ಗಿಲ್ಲಿಸ್ ಮತ್ತು ಅವರ ಜೊತೆಗಾರರು ಮುಂದಿನ ವರ್ಷಗಳಲ್ಲಿ 5,000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದರು. ವೈದ್ಯರಾಗಿದ್ದು ಚಿತ್ರಕಾರರಾದ ಹೆನ್ರಿ ಟಾಂಕ್ಸ್ ಎಂಬುವರು ಈ ಗಾಯಾಳುಗಳ ಮುಖಗಳನ್ನು ಬಣ್ಣದಲ್ಲಿ ಬರೆದಿಟ್ಟರು. ಅವು ಇಂದಿಗೂ ಉಳಿದಿವೆ. ನೋಡಲು ಗಟ್ಟಿ ಮನಸ್ಸು ಬೇಕು.

ಇಲ್ಲಿ ಮೂಗಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಶಾಲೆಯ ಮಕ್ಕಳು ಈಗಲೇ ತಮ್ಮ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಡಲಿ. ಒತ್ತಿದರೆ ಒಳಕ್ಕೆ ಹೋಗುತ್ತದೆ, ಬಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಹುಬ್ಬಿನ ನಡುವಿನಿಂದ ಕೆಳಗೆ ಸ್ವಲ್ಪ ದೂರ ಮಾತ್ರ ಗಟ್ಟಿ ಎಲುಬು ಇದೆ. ಅಲ್ಲಿಂದ ಕೆಳಗೆ ಇರುವುದೆಲ್ಲ ಮೃದ್ವಸ್ಥಿ, ಅಂದರೆ ಕಿವಿಯಲ್ಲಿ ಇರುವಂಥ ಮೆತ್ತನೆಯ, ಬಳುಕುವ ಎಲುಬು. ನಡುವೆ ಗೋಡೆಯಂತೆ ಒಂದು ಹಲಗೆ, ತುದಿಯಲ್ಲಿ ಎರಡೂ ಹೊಳ್ಳೆಗಳಿಗೆ ಕಮಾನಿನಂತೆ ಬಾಗಿದ ಎರಡು ತುಂಡುಗಳು. ಈ ಎರಡು ಕಮಾನುಗಳ ಒಳಕಾಲುಗಳು ನಡುವೆ ಜೊತೆಯಾಗಿ ನಿಲ್ಲುತ್ತವೆ, ಹೊರಕಾಲುಗಳು ಎಡಕ್ಕೂ ಬಲಕ್ಕೂ ಚಾಚುತ್ತವೆ. ಹೀಗೆ ಮೂಗಿನ ತುದಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತಂತೆ ನಿಂತಿದೆ. ಒಂದು ಕಾಲು ಮುರಿದರೆ ತುದಿ ಆ ಕಡೆ ವಾಲುತ್ತದೆ. ಮೂರೂ ಹೋದರೆ ಕುಸಿಯುತ್ತದೆ, ಉಸಿರಾಟದ ದಾರಿಯೂ ಮುಚ್ಚಿಹೋಗುತ್ತದೆ.

ಹೋದ ಮೂಗನ್ನು ಮತ್ತೆ ಮಾಡುವ ವಿದ್ಯೆ ನಮ್ಮ ದೇಶದ್ದೇ. ಸುಶ್ರುತ ಸಂಹಿತೆಯಲ್ಲಿ ಮೂಗಿನ ಅಳತೆಗೆ ಎಲೆ ಕತ್ತರಿಸಿ, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಎಬ್ಬಿಸಿ ಮೂಗಿಗೆ ಕೂಡಿಸುವ, ಉಸಿರಾಡಲು ಎರಡು ಕೊಳವೆ ಇಡುವ ವಿವರಣೆ ಇದೆ. ನಮ್ಮ ನಾಡಿಗೆ ಸೇರಿದ ಇನ್ನೊಂದು ಪ್ರಸಂಗವೂ ಇದೆ. ಟಿಪ್ಪು ಸುಲ್ತಾನ್ ಮತ್ತು ಇಂಗ್ಲಿಷರ ನಡುವೆ 1792ಕ್ಕೆ ಮುಗಿದ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮುಂದೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಅವನ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗು ಮಾಡಿದ. ಇದನ್ನು ಕಂಡ ಇಂಗ್ಲಿಷ್ ವೈದ್ಯರಿಂದ ಸುದ್ದಿ ಹರಡಿ, 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರ ಸಮೇತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಇದೇ ರೀತಿ ಮೂಗು ಮಾಡಿದರು. ಯುರೋಪಿನವರು ಇದನ್ನು ಭಾರತದ ಪದ್ಧತಿ ಎಂದೇ ಕರೆದರು. ಆ ಇಟ್ಟಿಗೆ ಕುಲದವನ ಹೆಸರನ್ನು ಮಾತ್ರ ಆ ಪತ್ರಿಕೆ ಅಚ್ಚು ಹಾಕಲಿಲ್ಲ.

ಆದರೆ ಈ ಪದ್ಧತಿಯಲ್ಲಿ ಒಂದು ಕೊರತೆ ಇತ್ತು. ಚರ್ಮ ಬರುತ್ತಿತ್ತು, ಒಳಗೆ ಆಧಾರ ಇರುತ್ತಿರಲಿಲ್ಲ. ಗೂಟವಿಲ್ಲದೆ ಡೇರೆ ಬಟ್ಟೆ ಹರಡಿದಂತೆ. ಮೊದಮೊದಲು ಚೆನ್ನಾಗಿ ಕಂಡ ಮೂಗು ದಿನ ಕಳೆದಂತೆ ಸುಕ್ಕಿ ಕುಗ್ಗುತ್ತಿತ್ತು, ತುದಿ ಕೆಳಕ್ಕೆ ಇಳಿಯುತ್ತಿತ್ತು. ಮೂಗಿನ ಒಳಗಡೆಗೆ ಹೊದಿಕೆ ಇಲ್ಲದಿದ್ದರೆ ಹಸಿ ಗಾಯ ಮಾಯುವಾಗ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಗಿಲ್ಲಿಸ್ ಇದನ್ನು ಅರ್ಥ ಮಾಡಿಕೊಂಡರು. ಮೂಗನ್ನು ಹೊರಗಿನಿಂದ ಮಾಡುವುದಲ್ಲ, ಒಳಗಿನಿಂದ ಮಾಡಬೇಕು. ಮೊದಲು ಒಳ ಹೊದಿಕೆ, ಆಮೇಲೆ ಆಧಾರ, ಕೊನೆಗೆ ಹೊರಗಿನ ಚರ್ಮ. ಮನೆ ಕಟ್ಟುವವನು ಬಣ್ಣದಿಂದ ಶುರು ಮಾಡುವುದಿಲ್ಲ ತಾನೇ?

ಆಧಾರಕ್ಕೆ ಅವರು ಬಳಸಿದ್ದು ರೋಗಿಯದೇ ಪಕ್ಕೆಲುಬಿನ ತುದಿಯಲ್ಲಿರುವ ಮೃದ್ವಸ್ಥಿ. ಇದಕ್ಕೆ ಒಂದು ವಿಶೇಷ ಗುಣ ಇದೆ. ಅದರೊಳಗೆ ರಕ್ತನಾಳಗಳಿಲ್ಲ. ಸುತ್ತಲಿನ ಮಾಂಸದಿಂದ ಒಸರುವ ದ್ರವದಿಂದಲೇ ಅದು ಬದುಕುತ್ತದೆ. ಹಾಗಾಗಿ ಒಂದು ಕಡೆಯಿಂದ ಕಿತ್ತು ಇನ್ನೊಂದು ಕಡೆ ಇಟ್ಟರೂ ಸಾಯದೆ ಉಳಿಯುವ ಸಾಧ್ಯತೆ ಹೆಚ್ಚು. ಚಾಕುವಿನಿಂದ ಬೇಕಾದ ಆಕಾರಕ್ಕೆ ಕೆತ್ತಲೂ ಬರುತ್ತದೆ. ಅವಗುಣವೂ ಒಂದಿದೆ. ಒಂದೇ ಮಗ್ಗುಲಿನಿಂದ ಕೆತ್ತಿದರೆ ಹಸಿ ಕಟ್ಟಿಗೆಯ ಹಲಗೆ ಬಿಸಿಲಿಗೆ ಡೊಂಕಾಗುವಂತೆ ಡೊಂಕಾಗುತ್ತದೆ.

ನಾನು ಗ್ರಂಥಾಲಯದಲ್ಲಿ ಕಂಡ ಫೋಟೋದ ಯುವಕ ಲೆಫ್ಟಿನೆಂಟ್ ವಿಲಿಯಂ ಸ್ಪ್ರೆಕ್ಲಿ. 1917ರ ಜನವರಿಯಲ್ಲಿ ಬಂದಾಗ ಆತನ ಮುಖದ ನಡುವೆ ಮೂಗಿನ ಜಾಗದಲ್ಲಿ ಒಂದು ಗುಂಡಿ ಇತ್ತು. ಗಿಲ್ಲಿಸ್ ಆತನ ಪಕ್ಕೆಯಿಂದ ಮೃದ್ವಸ್ಥಿ ತೆಗೆದು, ಬಾಣದ ತುದಿಯ ಆಕಾರಕ್ಕೆ ಕೆತ್ತಿ, ಹಣೆಯ ಚರ್ಮದ ಕೆಳಗೆ ಹೂತಿಟ್ಟರು. ಅಲ್ಲಿಯೇ ಅದು ಬೇರೂರಲಿ ಎಂದು ಸುಮಾರು ಆರು ತಿಂಗಳು ಕಾದರು. ಆಮೇಲೆ ಮೃದ್ವಸ್ಥಿ ಸಮೇತ ಹಣೆಯ ಚರ್ಮವನ್ನು ಕೆಳಕ್ಕೆ ತಿರುಗಿಸಿ ಮೂಗು ಮಾಡಿದರು. ಫಲ ನೋಡಿ ಎಲ್ಲರಿಗೂ ಗಾಬರಿ. ಮೂಗು ಊದಿಕೊಂಡು, ಇರುವೆ ತಿನ್ನುವ ಪ್ರಾಣಿಯ ಮೂತಿಯ ಹಾಗೆ ಮುಂದಕ್ಕೆ ಚಾಚಿತ್ತು. ಜೊತೆಯ ವೈದ್ಯರು ಗೊಳ್ಳೆಂದು ನಕ್ಕರು. ಗಿಲ್ಲಿಸ್ ಸೋತೆನೆಂದುಕೊಂಡರೂ ಕೈಬಿಡಲಿಲ್ಲ. ಊತ ಇಳಿಯಲು ಬಿಟ್ಟರು, ಹೆಚ್ಚಾದದ್ದನ್ನು ಸ್ವಲ್ಪ ಸ್ವಲ್ಪವೇ ಹೆರೆದರು. 1920ರ ಅಕ್ಟೋಬರಿನಲ್ಲಿ ಸ್ಪ್ರೆಕ್ಲಿ ಆಸ್ಪತ್ರೆಯಿಂದ ಹೊರಟಾಗ ದಾರಿಯಲ್ಲಿ ಯಾರೂ ತಿರುಗಿ ನೋಡದಂಥ ಮೂಗು ಆತನದಾಗಿತ್ತು. ಒಂದು ಮೂಗಿಗೆ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಅವರ ಇನ್ನೊಂದು ದೊಡ್ಡ ಸಾಧನೆ 1917ರ ಅಕ್ಟೋಬರ್ 3ರಂದು ಆದದ್ದು. ಜಟ್ಲಂಡ್ ನೌಕಾಯುದ್ಧದಲ್ಲಿ ಮುಖ ಸುಟ್ಟುಕೊಂಡಿದ್ದ ವಿಕರೇಜ್ ಎಂಬ ನಾವಿಕನಿಗೆ ಎದೆಯ ಚರ್ಮವನ್ನು ಮೇಲಕ್ಕೆ ತಿರುಗಿಸುತ್ತಿದ್ದಾಗ, ಎಬ್ಬಿಸಿದ ಚರ್ಮದ ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಯಾಗುವುದನ್ನು ಕಂಡರು. ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಕೊಳವೆಯಾಗುತ್ತದೆ, ಹಸಿ ಭಾಗ ಒಳಗಾಗಿ ಕೀವು ತಗಲುವುದಿಲ್ಲ, ರಕ್ತ ಸಂಚಾರವೂ ಚೆನ್ನಾಗಿರುತ್ತದೆ ಎಂದು ಹೊಳೆಯಿತು. ಪೆನಿಸಿಲಿನ್ ಇನ್ನೂ ಬಾರದ ಕಾಲದಲ್ಲಿ ಇದು ಎಷ್ಟೋ ಜೀವ ಉಳಿಸಿತು. ಇದೇ ಉಪಾಯವನ್ನು ಒಡೆಸ್ಸಾದಲ್ಲಿ ಫಿಲಾಟೊವ್ ಎಂಬ ವೈದ್ಯರೂ ಬೇರೆಯಾಗಿಯೇ ಕಂಡುಕೊಂಡಿದ್ದರು ಎಂಬುದನ್ನೂ ಹೇಳಬೇಕು.

ಎಲ್ಲವೂ ಗೆಲುವೇ ಆಗಿರಲಿಲ್ಲ. ಲಮ್ಲಿ ಎಂಬ ಯುವ ವಿಮಾನ ಚಾಲಕನ ಮುಖ ಪೂರ್ತಿ ಸುಟ್ಟಿತ್ತು. ಅವನ ಸಂಕಟ ನೋಡಲಾರದೆ ಗಿಲ್ಲಿಸ್ ಎದೆಯಿಂದ ದೊಡ್ಡ ಚರ್ಮವನ್ನು ಎಬ್ಬಿಸಿ ಇಡೀ ಮುಖಕ್ಕೆ ಒಂದೇ ಸಲಕ್ಕೆ ಹಾಕಿದರು. ನಿತ್ರಾಣವಾಗಿದ್ದ ದೇಹ ತಡೆಯಲಿಲ್ಲ. ಚರ್ಮ ಕೊಳೆಯಿತು. 1918ರಲ್ಲಿ ಆ ಯುವಕ ತೀರಿಕೊಂಡ. ಆ ಸಾವಿಗೆ ತಮ್ಮ ಅವಸರವೇ ಕಾರಣ ಎಂದು ಗಿಲ್ಲಿಸ್ ಮುಚ್ಚಿಡದೆ ಒಪ್ಪಿಕೊಂಡರು. ಇಂದು ಮಾಡಲೇಬೇಕಾಗಿಲ್ಲದ್ದನ್ನು ನಾಳೆಗೆ ಬಿಡಬೇಕು ಎಂಬುದು ಮುಂದೆ ಅವರ ನಿಯಮವೇ ಆಯಿತು. ಕೆಲಸ ಮುಂದೂಡುವವರಿಗೆ ಇದು ನೆಪವಾಗಬಾರದು. ಅವರು ಹೇಳಿದ್ದು ಗಾಯ ಮಾಯಲು ದೇಹಕ್ಕೆ ಕೊಡಬೇಕಾದ ಸಮಯದ ಬಗ್ಗೆ.

ಸಿಡ್‌ಕಪ್ ಆಸ್ಪತ್ರೆಯ ವಾರ್ಡುಗಳಲ್ಲಿ ಕನ್ನಡಿ ಇರಲಿಲ್ಲ. ಗಾಯಾಳುಗಳು ತಮ್ಮ ಮುಖ ನೋಡಿಕೊಂಡು ಎದೆಗುಂದಬಾರದೆಂದು ತೆಗೆಸಿದ್ದರು. ಆಸ್ಪತ್ರೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಮುಖ ಕೆಟ್ಟ ಸೈನಿಕರು ಕುಳಿತಿರಬಹುದು, ನೋಡಿ ಬೆಚ್ಚಬೇಡಿ ಎಂದು ಊರಿನವರಿಗೆ ಸೂಚನೆ. ದಯೆಯಿಂದ ಮಾಡಿದ್ದೇ ಇರಬಹುದು. ಆದರೆ ಆ ನೀಲಿ ಬೆಂಚಿನ ಬಗ್ಗೆ ಮೊದಲ ಸಲ ಓದಿದಾಗ ನನಗೆ ನಮ್ಮ ತರಗತಿಯ ಬೆಂಚು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಒಂದು ಶಸ್ತ್ರಚಿಕಿತ್ಸೆಗೂ ಇನ್ನೊಂದಕ್ಕೂ ನಡುವೆ ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಆ ಸೈನಿಕರಿಗೆ ಆಸ್ಪತ್ರೆಯಲ್ಲೇ ಪಾಠ ನಡೆಯುತ್ತಿತ್ತು. ಬಡಗಿತನ, ಆಟಿಕೆ ಮಾಡುವುದು, ಕೋಳಿ ಸಾಕಣೆ, ಸಿನಿಮಾ ಯಂತ್ರ ನಡೆಸುವುದು ಹೀಗೆ ಹಲವು ಕಸುಬು ಕಲಿಸಿದರು. ಮುಖ ಕೊಟ್ಟರೆ ಸಾಲದು, ಆ ಮುಖ ಹೊತ್ತುಕೊಂಡು ಬದುಕಲು ಕೈಗೊಂದು ಕೆಲಸವೂ ಬೇಕು ಎಂದು ಅಲ್ಲಿನವರಿಗೆ ಗೊತ್ತಿತ್ತು.

ಮುಖದ ಮೇಲೆಯೇ ಶಸ್ತ್ರಚಿಕಿತ್ಸೆ ನಡೆಯುವಾಗ ಅರಿವಳಿಕೆಯ ಮುಖವಾಡ ಇಡಲು ಜಾಗವಿರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಸಿಡ್‌ಕಪ್‌ಗೆ ಬಂದ ಮ್ಯಾಗಿಲ್ ಮತ್ತು ರೋಬೋಥಮ್ ಎಂಬ ಇಬ್ಬರು ಅರಿವಳಿಕೆ ವೈದ್ಯರು ಶ್ವಾಸನಾಳದೊಳಗೆ ರಬ್ಬರ್ ಕೊಳವೆ ಇಳಿಸಿ ಅರಿವಳಿಕೆ ಕೊಡುವ ಕ್ರಮವನ್ನು ಬೆಳೆಸಿದರು. ಇಂದು ಜಿಲ್ಲಾ ಆಸ್ಪತ್ರೆಯಲ್ಲಿ ದೊಡ್ಡ ಆಪರೇಷನ್ ಆಗುವಾಗ ಬಾಯಿಯ ಮೂಲಕ ಕೊಳವೆ ಹಾಕುತ್ತಾರಲ್ಲ, ಅದರ ಹಿಂದೆ ಆ ಸೈನಿಕರ ಮುಖಗಳಿವೆ.

1920ರಲ್ಲಿ ಗಿಲ್ಲಿಸ್ ತಮ್ಮ ಅನುಭವವನ್ನೆಲ್ಲ ಪ್ಲಾಸ್ಟಿಕ್ ಸರ್ಜರಿ ಆಫ್ ದಿ ಫೇಸ್ ಎಂಬ ಪುಸ್ತಕದಲ್ಲಿ ಫೋಟೋ ಸಮೇತ ಬರೆದಿಟ್ಟರು. 1930ರಲ್ಲಿ ಅವರಿಗೆ ಸರ್ ಪದವಿ ಬಂತು. ಯುದ್ಧ ಮುಗಿದು ಹನ್ನೆರಡು ವರ್ಷ ಕಳೆದ ಮೇಲೆ! ತಮ್ಮ ಬಂಧುವೇ ಆದ ನ್ಯೂಜಿಲೆಂಡಿನ ಆರ್ಚಿಬಾಲ್ಡ್ ಮ್ಯಾಕಿಂಡೋ ಅವರಿಗೆ ಈ ವಿದ್ಯೆಯ ದಾರಿ ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಸುಟ್ಟ ವಿಮಾನ ಚಾಲಕರಿಗೆ ಚಿಕಿತ್ಸೆ ಕೊಟ್ಟು ಪ್ರಸಿದ್ಧರಾದವರು ಅವರೇ. ಆ ಯುದ್ಧ ಶುರುವಾದಾಗ ಇಡೀ ಬ್ರಿಟನ್ನಿನಲ್ಲಿ ಪೂರ್ಣಾವಧಿ ಪ್ಲಾಸ್ಟಿಕ್ ಸರ್ಜನ್ನರು ನಾಲ್ಕೇ ಮಂದಿ ಇದ್ದರು. ಅವರಲ್ಲಿ ಹಿರಿಯರಾದ ಗಿಲ್ಲಿಸ್ ಬೇಸಿಂಗ್‌ಸ್ಟೋಕ್ ಬಳಿಯ ರೂಕ್ಸ್‌ಡೌನ್ ಹೌಸ್‌ನಲ್ಲಿ ಮತ್ತೆ ಗಾಯಾಳುಗಳ ನಡುವೆ ನಿಂತರು. 1946ರಲ್ಲಿ ಬ್ರಿಟನ್ನಿನ ಪ್ಲಾಸ್ಟಿಕ್ ಸರ್ಜನ್ನರ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. 1957ರಲ್ಲಿ ಅಮೆರಿಕದ ಶಿಷ್ಯ ರಾಲ್ಫ್ ಮಿಲ್ಲಾರ್ಡ್ ಜೊತೆ ಸೇರಿ ಎರಡು ಸಂಪುಟಗಳ ಗ್ರಂಥ ಹೊರತಂದರು.

ವಿಶ್ರಾಂತಿ ಎಂಬುದನ್ನು ಅವರು ಅರಿಯರು. 1960ರ ಆಗಸ್ಟಿನಲ್ಲಿ, 78ನೇ ವಯಸ್ಸಿನಲ್ಲಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳ ಜಜ್ಜಿದ ಕಾಲಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗಲೇ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು ತೀರಿಕೊಂಡರು.

ಇನ್ನು ನನ್ನ ಗೆಳೆಯನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ, ಹೆಸರು ಬೇಡ ಎಂದಿದ್ದಾನೆ. ಶಾಲೆ ಬಿಟ್ಟ ಮೇಲೆ ಅವನು ರಾತ್ರಿ ಹೊತ್ತು ಹೊಲಗಳಿಗೆ ನೀರು ಹಾಯಿಸುವ ಕೆಲಸ ಹಿಡಿದ. ಕರೆಂಟು ಬರುವುದೂ ರಾತ್ರಿಯೇ, ಅವನಿಗೆ ಬೇಕಾಗಿದ್ದೂ ರಾತ್ರಿಯೇ. ನಾನು ಡಾಕ್ಟರಾದ ಮೇಲೆ ಊರಿಗೆ ಎಷ್ಟೋ ಸಲ ಬಂದೆ, ಅವನ ಮನೆಯ ಮುಂದೆಯೇ ಹಾದುಹೋದೆ. ಒಳಗೆ ಹೋಗುವ ಧೈರ್ಯ ಬರಲು ಇಪ್ಪತ್ತೊಂಬತ್ತು ವರ್ಷ ಬೇಕಾದವು. 2006ರ ಜಾತ್ರೆಯ ಸಮಯದಲ್ಲಿ ಹೋಗಿ ಕ್ಷಮೆ ಕೇಳಿದೆ. ಯಾವ ಹೆಸರು ಎಂದು ತನಗೆ ನೆನಪೇ ಇಲ್ಲ ಅಂದ. ಅವನಿಗೆ ನೆನಪಿದೆ ಎಂದು ನನಗೆ ಗೊತ್ತು.

ಒಪ್ಪಿಸಲು ಒಂದು ವರ್ಷ ಹಿಡಿಯಿತು. ಬೆಂಗಳೂರಿನಲ್ಲಿ ನನ್ನ ಪರಿಚಯದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಶಸ್ತ್ರಚಿಕಿತ್ಸೆ ಮಾಡಿದರು, ನಾನು ಪಕ್ಕದಲ್ಲಿ ನಿಂತು ಕೈಜೋಡಿಸಿದೆ. ಮೊದಲು ಒಳ ಹೊದಿಕೆ. ಆಮೇಲೆ ಅವನದೇ ಪಕ್ಕೆಲುಬಿನಿಂದ ತೆಗೆದ ಮೃದ್ವಸ್ಥಿ. ಅದರ ನಡುತಿರುಳಿನಿಂದ ಕೆತ್ತಿದ ಸಣ್ಣ ಕಂಬವೊಂದನ್ನು ಎರಡು ಹೊಳ್ಳೆಗಳ ನಡುವೆ ನಿಲ್ಲಿಸಿ, ಹೋದ ಹೊಳ್ಳೆಯ ಕಡೆಗೆ ಕಮಾನಿನಂತೆ ಒಂದು ತೆಳು ಪಟ್ಟಿ ಬಾಗಿಸಿ, ತುದಿಯ ಮೇಲೆ ಗುರಾಣಿಯ ಆಕಾರದ ಚಿಕ್ಕ ಬಿಲ್ಲೆ ಹೊಲಿದರು. ಅದರ ಮೇಲೆ ಹಣೆಯ ಚರ್ಮ. ಉಳಿದ ತುಂಡನ್ನು ಮುಂದೆ ಬೇಕಾದೀತೆಂದು ಎದೆಯ ಚರ್ಮದ ಕೆಳಗೇ ಇಟ್ಟು ಹೊಲಿದರು. ಮೂರು ವಾರಕ್ಕೊಮ್ಮೆಯಂತೆ ಮೂರು ಹಂತ. ಗಿಲ್ಲಿಸ್ ಅವರ ಕಾಲದಲ್ಲಿ ವರ್ಷಗಳು ಹಿಡಿದದ್ದು ಈಗ ವಾರಗಳಲ್ಲಿ ಮುಗಿಯುತ್ತದೆ. ಕ್ರಮ ಮಾತ್ರ ಅದೇ.

ಆ ಆರು ವಾರ ಹಣೆಯಿಂದ ಮೂಗಿಗೆ ಚರ್ಮದ ತೊಟ್ಟು ಇಳಿಬಿದ್ದೇ ಇರುತ್ತದೆ. ಆ ಸ್ಥಿತಿಯಲ್ಲಿ ಊರಿಗೆ ಹೋಗಲು ಮನಸ್ಸಿಲ್ಲದೆ ನಮ್ಮ ಮನೆಯಲ್ಲೇ ಉಳಿದ. ನನ್ನ ಚಿಕ್ಕ ಮಗಳು ಮೊದಲ ದಿನ ಅವನ ಮುಖವನ್ನೇ ನೋಡಿ, ನೋವಾಗುತ್ತಾ ಎಂದು ಕೇಳಿದಳು. ಇಲ್ಲ ಎಂದಾಗ ತನ್ನ ಲೆಕ್ಕದ ಪುಸ್ತಕ ತಂದು ಅವನ ಪಕ್ಕದಲ್ಲಿ ಕುಳಿತಳು. ಒಂಬತ್ತನೇ ತರಗತಿಗೇ ಓದು ನಿಲ್ಲಿಸಿದವನು ಆ ಆರು ವಾರ ಅವಳಿಗೆ ದಿನವೂ ಲೆಕ್ಕ ಹೇಳಿಕೊಟ್ಟ. ನಾವು ನಲವತ್ತು ಮಂದಿ ಹುಡುಗರಿಗೆ ಆಗದ ಕೆಲಸವನ್ನು ಆ ಮಗು ಮಾಡಿತು.

ಊರಿನವರಲ್ಲಿ, ಮಕ್ಕಳಲ್ಲಿ ನನ್ನ ಕೋರಿಕೆ ಇಷ್ಟು. ಕರಡಿ, ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ತುಂಬಬೇಡಿ. ತಡ ಮಾಡದೆ ಆಸ್ಪತ್ರೆಗೆ ಹೋಗಿ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ. ಕಿವಿಯ, ಮೂಗಿನ ತುಂಡು ಬಿದ್ದಿದ್ದರೆ ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟು ತನ್ನಿ. ನೇರವಾಗಿ ಐಸ್ ಮೇಲೆ ಇಡಬೇಡಿ. ಹಳೆಯ ಗಾಯವಾಗಿದ್ದರೂ ಹಣೆಬರಹ ಎಂದು ಕೂರಬೇಡಿ, ಇಪ್ಪತ್ತು ಮೂವತ್ತು ವರ್ಷದ ಮೇಲೂ ಸರಿಪಡಿಸಲು ಬರುತ್ತದೆ. ಕೊನೆಯದು, ತರಗತಿಯಲ್ಲಿ ಯಾರ ಮುಖವಾದರೂ ನಿಮ್ಮ ಹಾಗೆ ಇಲ್ಲದಿದ್ದರೆ ಅವರಿಗೆ ಹೆಸರಿಡಬೇಡಿ. ಒಂದು ಮೂಗು ಕಟ್ಟಿಕೊಡಲು ಆರು ವಾರ ಸಾಕು. ನಾನು ಇಟ್ಟ ಹೆಸರನ್ನು ಅಳಿಸಲು ನನಗೆ ಈವರೆಗೂ ಆಗಿಲ್ಲ.

ಮಹೋತ್ಸವದ ದಿನ ನಮ್ಮ ಬ್ಯಾಚಿನವರೆಲ್ಲ ಅದೇ ಬೇವಿನ ಮರದ ಕೆಳಗೆ ಮತ್ತೊಂದು ಫೋಟೋ ತೆಗೆಸಿಕೊಳ್ಳಬೇಕೆಂದು ಮಾತಾಡಿಕೊಂಡಿದ್ದೇವೆ. ಆಹ್ವಾನ ಪತ್ರಿಕೆಯನ್ನು ನಾನೇ ಅವನ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟೆ. ನೋಡೋಣ ಅಂದಿದ್ದಾನೆ. ಬರುವುದು ಬಿಡುವುದು ಅವನಿಗೆ ಬಿಟ್ಟದ್ದು. ನನ್ನ ಪಕ್ಕದಲ್ಲಿ ಅವನ ಜಾಗ ಬಿಟ್ಟೇ ನಾನು ಕೂರುತ್ತೇನೆ.